ಫಾರ್ಮಾಲಿನ್‌ಗೆ ಬಿದ್ದ ಹೊತ್ತು

ಅಂಗಾಂಶ ಪರೀಕ್ಷಿಸುವ ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿ ಸೇರಿದ ಹೊಸತರಲ್ಲಿ, ಫಾರ್ಮಾಲಿನ್ ಅಂದರೆ ಅಂಗಾಂಶ ಕೊಳೆಯದಂತೆ ಕಾಯುವ ದ್ರಾವಣ, ಅಷ್ಟೇ ಅಂದುಕೊಂಡಿದ್ದೆ. ಆ ತಿಳಿವಳಿಕೆ ಸಾಲದು ಅಂತ ಗೊತ್ತಾಗಿದ್ದು ಒಂದು ಸ್ತನದ ಸ್ಯಾಂಪಲ್ ಬಂದಾಗ.

ಶನಿವಾರ ಸಂಜೆ ಆಪರೇಷನ್ ಆಗಿತ್ತು. ಇಡೀ ಸ್ತನವನ್ನು ಕೊಯ್ಯದೆ ಡಬ್ಬಿಗೆ ತುರುಕಿದ್ದರು. ಫಾರ್ಮಾಲಿನ್ ಅದರ ಅರ್ಧದವರೆಗೂ ಬಂದಿರಲಿಲ್ಲ. ನಮ್ಮ ಕೈಗೆ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ. ನಮ್ಮ ಪೆಥಾಲಜಿಸ್ಟ್ ಮೇಡಂ ಚಾಕು ಹಾಕಿದರೆ ಅಂಚು ಗಟ್ಟಿಯಾಗಿ ಬೂದು ತಿರುಗಿದೆ, ಒಳಗಿನ ಗಡ್ಡೆ ಮಾತ್ರ ಮೆತ್ತಗೆ, ಇನ್ನೂ ಕೆಂಪಗೆ ಇದೆ. ಇಆರ್ ಪರೀಕ್ಷೆ, ಅಂದರೆ ಈಸ್ಟ್ರೋಜನ್ ರಿಸೆಪ್ಟರ್ ಅನ್ನುವ ಪ್ರೊಟೀನ್ ಇದ್ದರೆ ಆಂಟಿಬಾಡಿ ಅಂಟಿ ಕಂದು ಬಣ್ಣ ತೋರಿಸುವ ಪರೀಕ್ಷೆ, ನೆಗೆಟಿವ್ ಬಂತು. ಮೇಡಂ ಸಹಿ ಹಾಕಲಿಲ್ಲ. ಗಡ್ಡೆಯ ಪಕ್ಕದ ಆರೋಗ್ಯವಂತ ಹಾಲಿನ ನಾಳಗಳಲ್ಲಿ ಕೆಲವು ಜೀವಕೋಶಗಳಾದರೂ ಕಂದು ಬಣ್ಣ ಹಿಡಿಯಬೇಕಿತ್ತು, ಅವೂ ಹಿಡಿದಿರಲಿಲ್ಲ. ಆಪರೇಷನ್‌ಗೆ ಮುಂಚೆ ಸೂಜಿಯಿಂದ ತೆಗೆದ ಬಯಾಪ್ಸಿಯ ಬ್ಲಾಕ್ (ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿಟ್ಟ ತುಂಡು) ನಮ್ಮಲ್ಲೇ ಇತ್ತು. ಅದನ್ನು ಕತ್ತರಿಸಿ ಅದೇ ಪರೀಕ್ಷೆ ಹಾಕಿದೆ: ಪಾಸಿಟಿವ್. ಆ ತಾಯಿಗೆ ಈಸ್ಟ್ರೋಜನ್ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ಕೊಡಬೇಕೋ ಬೇಡವೋ ಅನ್ನುವುದು ಈ ಬಣ್ಣವನ್ನೇ ನೆಚ್ಚಿಕೊಂಡಿತ್ತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಫಾರ್ಮಾಲಿನ್ ಗಂಟೆಗೆ ಹೆಚ್ಚುಕಡಿಮೆ 1 ಮಿ.ಮೀ. ಒಳಗಿಳಿಯುತ್ತದೆ, ಆಳಕ್ಕೆ ಹೋದಂತೆ ಇನ್ನೂ ನಿಧಾನ. ಅದು ತಲುಪುವಷ್ಟರಲ್ಲಿ ನಡುವಿನ ಜೀವಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗಿರುತ್ತವೆ. ತಲುಪಿದ ಕಡೆ ಫಾರ್ಮಾಲ್ಡಿಹೈಡ್ ಪ್ರೊಟೀನುಗಳ ನಡುವೆ ಸೇತುವೆ ಕಟ್ಟುತ್ತದೆ. ಆಕಾರ ಉಳಿಯುತ್ತದೆ, ಆದರೆ ಆಂಟಿಬಾಡಿ ಬಂದು ಕೂರುವ ಜಾಗ ಮುಚ್ಚಿಹೋಗುತ್ತದೆ. ಸ್ಲೈಡನ್ನು ಪಿಎಚ್ 6ರ ಸಿಟ್ರೇಟ್ ದ್ರಾವಣದಲ್ಲಿ ಬಿಸಿ ಮಾಡುವುದು ಆ ಮುಚ್ಚಳ ತೆಗೆಯಲಿಕ್ಕೆ. 1991ರಲ್ಲಿ ಈ ಬಿಸಿಯ ಉಪಾಯ ಬರುವ ಮುಂಚೆ ಎಷ್ಟೋ ಆಂಟಿಬಾಡಿಗಳು ಪ್ಯಾರಾಫಿನ್ ಬ್ಲಾಕ್ ಮೇಲೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಹೀಗೆ ಮುಚ್ಚಿದ್ದನ್ನು ಒಂದು ಮಟ್ಟಿಗೆ ತೆರೆಯಬಹುದು. ಕರಗಿ ಹೋದದ್ದನ್ನು ಯಾವ ಬಿಸಿಯೂ ವಾಪಸ್ ತರುವುದಿಲ್ಲ. ಅದಕ್ಕೇ ಪ್ರೊಟೀನ್ ಪರೀಕ್ಷೆಯ ಮಟ್ಟಿಗೆ, ಒಂದಿಷ್ಟು ಹೆಚ್ಚು ನೆನೆದದ್ದಕ್ಕಿಂತ ನೆನೆಯದೇ ಉಳಿದದ್ದೇ ನನಗೆ ದೊಡ್ಡ ಚಿಂತೆ.

ಆಮೇಲೆ ನಾನು ಆಪರೇಷನ್ ಥಿಯೇಟರಿಗೆ ಹೋಗಿ ಸಿಸ್ಟರ್‌ಗಳ ಜೊತೆ ಕೂತೆ. ಅಗಲ ಬಾಯಿಯ ಬಕೆಟ್ ಕೊಟ್ಟೆ, ಅಂಗಾಂಶದ ಹತ್ತು ಪಟ್ಟು ಫಾರ್ಮಾಲಿನ್ ಹಿಡಿಯುವಂಥದ್ದು. ರಿಕ್ವಿಸಿಷನ್ ಫಾರಂನಲ್ಲಿ ಎರಡು ಖಾನೆ ಸೇರಿಸಿದೆವು: ದೇಹದಿಂದ ತೆಗೆದ ಹೊತ್ತು, ಫಾರ್ಮಾಲಿನ್‌ಗೆ ಹಾಕಿದ ಹೊತ್ತು. ಎರಡರ ನಡುವೆ ಒಂದು ಗಂಟೆ ಮೀರಬಾರದು. ಸ್ತನದ ಸ್ಯಾಂಪಲ್ ಬಂದ ಕೂಡಲೇ, ಅಂಚಿಗೆ ಇಂಕ್ ಹಚ್ಚಿ, ಡಾಕ್ಟರು ಗಡ್ಡೆಯನ್ನು 5ರಿಂದ 10 ಮಿ.ಮೀ. ದಪ್ಪಕ್ಕೆ ಸೀಳುತ್ತಾರೆ, ನಡುವೆ ಗಾಜ್ ಇಟ್ಟು 6ರಿಂದ 72 ಗಂಟೆಯೊಳಗಿನ ಲೆಕ್ಕಕ್ಕೆ ನೆನೆಸುತ್ತೇನೆ. "ಇಷ್ಟೆಲ್ಲ ಬರೀಬೇಕಾ ಸರ್?" ಅಂತ ಕೇಳಿದ ಸಿಸ್ಟರ್‌ಗೆ ಆ ಎರಡು ಸ್ಲೈಡ್ ತೋರಿಸಿದೆ. ಅವತ್ತಿನಿಂದ ಅವರ ಖಾನೆ ಖಾಲಿ ಬಂದಿಲ್ಲ.

ಆಮ್ಲವಾಗದಂತೆ ತಡೆಯುವ ಬಫರ್ ಲವಣ ಸೇರಿಸಿದ ಫಾರ್ಮಾಲಿನ್ ನಾನೇ ಕಲಸುತ್ತೇನೆ. 100 ಮಿ.ಲೀ. ಮೂಲ ಫಾರ್ಮಾಲಿನ್‌ಗೆ 900 ಮಿ.ಲೀ. ಡಿಸ್ಟಿಲ್ಡ್ ವಾಟರ್, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಬಫರ್ ಇಲ್ಲದ್ದು ದಿನ ಕಳೆದಂತೆ ಆಮ್ಲವಾಗಿ, ರಕ್ತ ತುಂಬಿದ ಗುಲ್ಮದಂಥ ಅಂಗಾಂಶದಲ್ಲಿ ಕಂದುಕಪ್ಪು ಕಣ ಬಿಡುತ್ತದೆ. ಅದು ಮಲೇರಿಯಾದ ಕಣವನ್ನೇ ಹೋಲುತ್ತದೆ.

ಶ್ವಾಸಕೋಶದ ಕ್ಯಾನ್ಸರಿಗೆ ಇಜಿಎಫ್‌ಆರ್ ಅನ್ನುವ ಜೀನಿನ ಪರೀಕ್ಷೆ ಕೇಳುವುದು ಹೆಚ್ಚಾದ ಮೇಲೆ ಇನ್ನೊಂದು ಎಚ್ಚರ ಬಂತು. ಡಿಎನ್‌ಎಗೆ ಅತಿಯಾಗಿ ನೆನೆದರೂ ಕೇಡು: ಎಳೆಗಳು ತುಂಡಾಗುತ್ತವೆ, ಅಲ್ಲಲ್ಲಿ ಡಿಎನ್‌ಎಯ ಒಂದು ಅಕ್ಷರವಾದ ಸೈಟೋಸಿನ್ ಯುರಾಸಿಲ್ ಆಗಿ, ರೋಗಿಯಲ್ಲಿ ಇಲ್ಲದ ಮ್ಯುಟೇಷನ್ ಕಾಣಿಸಬಹುದು. ಮೂಳೆಯ ತುಂಡನ್ನು ನೈಟ್ರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿದರಂತೂ ಡಿಎನ್‌ಎ ಹಾಳಾಗಿಬಿಡುತ್ತದೆ. ಅಂಥದ್ದಕ್ಕೆ ಮೂಳೆಯ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ಎಳೆದುಕೊಳ್ಳುವ ಇಡಿಟಿಎ ಬಳಸುತ್ತೇನೆ, ದಿನಗಟ್ಟಲೆ ಹಿಡಿದರೂ ಸರಿ.

ಈಗಲೂ ಬಯಾಪ್ಸಿಯನ್ನು ಸಲೈನ್‌ನಲ್ಲಿ ಹಾಕಿ ಕಳಿಸುವವರಿದ್ದಾರೆ. ಅಂಥ ಡಬ್ಬಿ ಬಂದ ದಿನ ಮೊದಲು ಅದನ್ನು ಫಾರ್ಮಾಲಿನ್‌ಗೆ ಬದಲಿಸಿ, ಹೊತ್ತು ಬರೆದು, ಆಮೇಲೆ ಅವರಿಗೆ ಫೋನ್ ಮಾಡುತ್ತೇನೆ. ಸ್ಯಾಂಪಲ್ ತಂದ ಹುಡುಗನ ಕೈಯಲ್ಲೇ ತುಂಬಿದ ನಾಲ್ಕು ಡಬ್ಬಿ ಕೊಟ್ಟು ಕಳಿಸುತ್ತೇನೆ.