ಡಬ್ಬಿ ಕೊಳ್ಳುವ ಮೊದಲು: ಅಡುಗೆಮನೆಯಿಂದ ಅಟ್ಟದವರೆಗೆ ಸಾಮಾನು ಜೋಡಿಸುವ ಬಗೆ

ಮನೆಯನ್ನು ಒಪ್ಪ ಮಾಡಬೇಕೆಂದು ಹೊರಟವರು ಮೊದಲು ಅಂಗಡಿಗೆ ಹೋಗಿ ಒಂದೇ ಅಳತೆಯ ಹನ್ನೆರಡು ಡಬ್ಬಿ ತರುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಸಾಮಾನು ಎಲ್ಲಿರಬೇಕು ಎನ್ನುವುದು ಎರಡು ಪ್ರಶ್ನೆಗಳಲ್ಲಿ ತೀರ್ಮಾನವಾಗುತ್ತದೆ: ಅದನ್ನು ಎಷ್ಟು ಸಲ ಕೈಗೆತ್ತಿಕೊಳ್ಳುತ್ತೀರಿ, ತೇವ ತಗುಲಿದರೆ ಅದು ಏನಾಗುತ್ತದೆ. ದಿನಾ ಬೇಕಾದದ್ದು ಸೊಂಟದಿಂದ ಕಣ್ಣಿನ ಮಟ್ಟದೊಳಗೆ ಇರಲಿ. ವಾರಕ್ಕೊಮ್ಮೆ ಬೇಕಾದದ್ದು ಅದರ ಕೆಳಗೆ, ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟದಲ್ಲಿ. ಭಾರದ್ದು ಮಾತ್ರ ಯಾವತ್ತಿದ್ದರೂ ನೆಲದ ಹತ್ತಿರ. ದೊಡ್ಡ ಕುಕ್ಕರ್, ಇಡ್ಲಿ ಪಾತ್ರೆ, ಗ್ರೈಂಡರ್ ಇವನ್ನೆಲ್ಲ ತಲೆಯ ಮೇಲಿನ ಶೆಲ್ಫಿಗೆ ಏರಿಸಬೇಡಿ.

ಇಡೀ ಮನೆಯನ್ನು ಒಂದೇ ದಿನ ಹೊರಗೆ ಹರವಬೇಡಿ, ಸಂಜೆಗೆ ಸುಸ್ತಾಗಿ ಸಿಕ್ಕಲ್ಲಿ ತುರುಕುವುದೇ ಆಗುತ್ತದೆ. ಒಂದು ಸಲಕ್ಕೆ ಒಂದು ಶೆಲ್ಫು ಸಾಕು. ಖಾಲಿ ಮಾಡಿ, ಒರೆಸಿ, ಪೂರ್ತಿ ಒಣಗಿದ ಮೇಲೆ ತುಂಬಿಸಿ.

ಅಡುಗೆಮನೆಯಿಂದಲೇ ಶುರು ಮಾಡಿ, ಹೆಚ್ಚು ನಷ್ಟ ಆಗುವುದು ಅಲ್ಲೇ. ಡಬ್ಬಿಯ ಲೆಕ್ಕವನ್ನು ಕೆಜಿಯಲ್ಲಿ ಹಾಕದೆ ಲೀಟರಿನಲ್ಲಿ ಹಾಕಿ. ಒಂದು ಕೆಜಿ ಅಕ್ಕಿಗೆ ಅಥವಾ ತೊಗರಿಬೇಳೆಗೆ ಸುಮಾರು 1.25 ಲೀಟರ್ ಜಾಗ ಬೇಕು. ಅದೇ ಒಂದು ಕೆಜಿ ಗೋಧಿ ಹಿಟ್ಟಿಗೋ ರಾಗಿ ಹಿಟ್ಟಿಗೋ 2 ಲೀಟರಿನ ಡಬ್ಬಿ ಬೇಕಾಗುತ್ತದೆ. 25 ಕೆಜಿ ಅಕ್ಕಿ ಮೂಟೆಗೆ 35 ಲೀಟರಿನ ಡ್ರಮ್ ಇರಲಿ. ಪ್ಯಾಕೆಟ್ಟಿನಲ್ಲಿರುವುದು ಒಂದೇ ಸಲಕ್ಕೆ ಹಿಡಿಯದ ಡಬ್ಬಿ ಪ್ರಯೋಜನಕ್ಕಿಲ್ಲ. ಉಳಿದ ಕಾಲು ಕೆಜಿ ರಬ್ಬರ್ ಬ್ಯಾಂಡ್ ಸುತ್ತಿದ ಕವರಿನಲ್ಲಿ ಮೂಲೆ ಸೇರುತ್ತದೆ, ಹುಳ ಮನೆ ಮಾಡುವುದು ಅಲ್ಲಿ.

ಗಟ್ಟಿ ಮುಚ್ಚಳ ಹಾಕಿದ್ದರೂ ಅಕ್ಕಿಗೆ ಹುಳ ಹೇಗೆ ಬಂತು ಎಂದು ಹಲವರು ಕೇಳುತ್ತಾರೆ. ಅಕ್ಕಿಯ ಸೊಂಡಿಲು ಹುಳು ಕಾಳನ್ನು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ಅಂಗಡಿಯಿಂದ ಬರುವಾಗಲೇ ಅದು ಒಳಗಿರುತ್ತದೆ, ಮುಚ್ಚಳ ತಡೆಯುವುದು ಹೊರಗಿನಿಂದ ಬರುವುದನ್ನು ಮಾತ್ರ. ಹೆಸರುಕಾಳು, ಅಲಸಂದೆ, ಕಡಲೆಕಾಳಿನಲ್ಲಿ ಮೊಟ್ಟೆ ಸಿಪ್ಪೆಯ ಮೇಲೇ ಅಂಟಿರುತ್ತದೆ. ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ, ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಕಂಡರೆ ಆ ಪ್ಯಾಕೆಟ್ಟನ್ನು ಹಾಗೇ ಡಬ್ಬಿಗೆ ಸುರಿಯಬೇಡಿ.

ಒಂದೆರಡು ಕೆಜಿ ಕಾಳಾದರೆ ಸುಲಭದ ದಾರಿ ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ತಕ್ಷಣ ಕವರ್ ಬಿಚ್ಚಬಾರದು. ತಣ್ಣಗಿನ ಕಾಳಿಗೆ ಹೊರಗಿನ ಗಾಳಿ ತಗುಲಿದರೆ ಬೆವರಿ ನೀರು ಕೂರುತ್ತದೆ, ಬೂಸಲು ಹಿಡಿಯುತ್ತದೆ. ಅರ್ಧ ದಿನ ಬಿಟ್ಟು ಬಿಚ್ಚಿ. ಕಾಳನ್ನು ಬಿಸಿಲಿಗೆ ಹರವುವುದೂ ಒಳ್ಳೆಯದೇ, ಆದರೆ ಪೂರ್ತಿ ಆರಿದ ಮೇಲೆ ತುಂಬಿಸಿ. ಅಕ್ಕಿಯನ್ನು ಸುಡುಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟು ನುಚ್ಚಾಗುತ್ತದೆ, ಅದಕ್ಕೆ ನೆರಳೇ ಸರಿ. ರವೆಯನ್ನು ಬೆಚ್ಚಗೆ ಹುರಿದು ಆರಿಸಿ ಇಡಿ. ತೊಗರಿಬೇಳೆಗೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರುವ ಹಳೆಯ ಪದ್ಧತಿ ಈಗಲೂ ಕೆಲಸ ಮಾಡುತ್ತದೆ, ಬೇಯಿಸುವ ಮೊದಲು ತೊಳೆದರೆ ಆಯಿತು. ಬೋರಿಕ್ ಪುಡಿ ಮಾತ್ರ ಬೇಡವೇ ಬೇಡ, ಅದು ಹೊಟ್ಟೆಗೆ ಹೋಗುವ ವಸ್ತುವಲ್ಲ.

ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ತಳದಲ್ಲಿ ಉಳಿದ ಹಿಡಿಯಷ್ಟನ್ನು ಬಟ್ಟಲಿಗೆ ಬಗ್ಗಿಸಿ, ಡಬ್ಬಿ ತೊಳೆದು ಒಣಗಿಸಿ ತುಂಬಿಸಿ.

ಹುಣಸೆಹಣ್ಣನ್ನು ಬೀಜ, ನಾರು ತೆಗೆದು ಹರಳುಪ್ಪು ಬೆರೆಸಿ ಪಿಂಗಾಣಿ ಜಾಡಿಯಲ್ಲೇ ಇಡಿ. ಅದರ ಹುಳಿ, ಉಪ್ಪು ಎರಡೂ ಸೇರಿ ಅಲ್ಯೂಮಿನಿಯಂ ಡಬ್ಬಿಯನ್ನು ತಿನ್ನುತ್ತವೆ, ಸ್ಟೀಲಿಗೂ ಚುಕ್ಕೆ ಬೀಳುತ್ತದೆ. ಈರುಳ್ಳಿ ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿದ್ದರೆ ಎರಡೂ ಬೇಗ ಕೆಡುತ್ತವೆ. ಈರುಳ್ಳಿಗೆ ಗಾಳಿ ಆಡುವ ಬುಟ್ಟಿ ಸಾಕು. ಆಲೂಗಡ್ಡೆಗೆ ಕತ್ತಲೂ ಬೇಕು, ಬೆಳಕಿಗೆ ಹಸಿರಾದದ್ದು ತಿನ್ನಲು ಯೋಗ್ಯವಲ್ಲ. ಒಲೆಯ ನೇರ ಮೇಲಿನ ಶೆಲ್ಫಿಗೆ ಬಿಸಿ, ಹಬೆ ಎರಡೂ ಏರುತ್ತವೆ. ಸಾರಿನ ಪುಡಿ, ಖಾರದ ಪುಡಿ ಅಲ್ಲಿದ್ದರೆ ಬಣ್ಣವೂ ಘಮವೂ ಹೋಗಿ ಗಂಟು ಕಟ್ಟುತ್ತವೆ. ಅಲ್ಲಿ ತಟ್ಟೆ ಲೋಟ ಜೋಡಿಸಿ.

ಗ್ಯಾಸ್ ಸಿಲಿಂಡರನ್ನು ನೇರವಾಗಿ ನಿಲ್ಲಿಸಿ, ಮಲಗಿಸಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಕಟ್ಟೆಯ ಕೆಳಗಿನ ಕಪಾಟಿನಲ್ಲಿ ಇಡುವುದಾದರೆ ಬಾಗಿಲಿನ ತಳಭಾಗದಲ್ಲಿ ಗಾಳಿಕಿಂಡಿ ಇರಲೇಬೇಕು. ಬಚ್ಚಲಿನ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಬೇರೆ ಬೇರೆ ಕಡೆ ಇಡಿ, ಬೆರೆತರೆ ವಿಷಾನಿಲ ಏಳುತ್ತದೆ. ಮಾತ್ರೆಗಳು ಬಚ್ಚಲಿನಲ್ಲೂ ಬೇಡ, ಒಲೆಯ ಹತ್ತಿರವೂ ಬೇಡ.

ಬೀರುವಿನಲ್ಲಿ ಹೆಚ್ಚು ಜಾಗ್ರತೆ ಬೇಕಾದದ್ದು ರೇಷ್ಮೆ ಸೀರೆಗೆ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಒಳಗೇ ಉಳಿದು ಜರಿ ಕಪ್ಪಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಇಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಆ ಗೆರೆಯಲ್ಲೇ ಸೀರೆ ಸೀಳುತ್ತದೆ. ನುಸಿಗುಳಿಗೆ ಬಟ್ಟೆಗೆ ತಾಕಬಾರದು. ಸಣ್ಣ ಬಟ್ಟೆಯಲ್ಲಿ ಕಟ್ಟಿ ಮೇಲಿನ ಅರೆಯಲ್ಲಿಡಿ, ಅದರ ಆವಿ ಕೆಳಗಿಳಿಯುತ್ತದೆ. ಕೂಸಿನ ಬಟ್ಟೆಯ ಕಪಾಟಿನಲ್ಲಿ ಮಾತ್ರ ಬೇಡ, ಕೆಲವು ಶಿಶುಗಳಿಗೆ ಅದರಿಂದ ರಕ್ತಕಣಗಳೇ ಒಡೆಯುತ್ತವೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಬೀರುವನ್ನು ಗೋಡೆಯಿಂದ ಮೂರು ಇಂಚು ಸರಿಸಿ, ಹಿಂದೆ ಗಾಳಿ ಆಡಿದರೆ ಬೂಸಲು ಕಡಿಮೆ.

ಕಾಗದಪತ್ರಕ್ಕೆ ಒಂದೇ ಫೈಲು ಸಾಲದು. ಕ್ರಯಪತ್ರ, ಖಾತಾ, ಕಂದಾಯ ರಸೀದಿ ಒಂದರಲ್ಲಿ, ಶಾಲೆ ಕಾಲೇಜಿನ ಅಂಕಪಟ್ಟಿಗಳು ಇನ್ನೊಂದರಲ್ಲಿ, ವಾರಂಟಿ ಬಿಲ್ಲುಗಳು ಮತ್ತೊಂದರಲ್ಲಿ. ಮೂಲ ಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಅದನ್ನು ಬಿಡಿಸಲು ಹೋದರೆ ಪತ್ರವೇ ಹರಿಯುತ್ತದೆ. ನುಣುಪು ಕಾಗದದ ಅಂಗಡಿ ಬಿಲ್ಲಿನ ಅಕ್ಷರ ವರ್ಷದೊಳಗೆ ಮಾಸಬಹುದು, ತಂದ ದಿನವೇ ಜೆರಾಕ್ಸ್ ಮಾಡಿಸಿ.

ಇನ್ನು ಅಟ್ಟ. ಡಬ್ಬ ತರುವ ಮೊದಲು ಅಟ್ಟದ ಬಾಗಿಲಿನ ಅಗಲ, ಎತ್ತರ ಅಳೆಯಿರಿ. ಒಳಗೆ ಎಷ್ಟೇ ಜಾಗವಿದ್ದರೂ ಬಾಗಿಲಿನಲ್ಲಿ ತೂರಬೇಕಲ್ಲ. ಜೋಡಿಸುವ ಕ್ರಮಕ್ಕೆ ಹಬ್ಬಗಳ ಸಾಲನ್ನೇ ಹಿಡಿಯಿರಿ: ವರಮಹಾಲಕ್ಷ್ಮಿಯ ಕಳಶ ಮುಖವಾಡ ಎದುರಿಗೆ, ಅದರ ಹಿಂದೆ ಗಣೇಶನ ಮಂಟಪ, ದಸರೆಯ ಗೊಂಬೆಗಳು, ದೀಪಾವಳಿಯ ದೀಪಗಳು. ಬಳಸಿದ್ದು ಹಿಂದಕ್ಕೆ ಹೋದ ಹಾಗೆ ಮುಂದಿನ ಹಬ್ಬದ್ದು ತಾನಾಗಿ ಮುಂದೆ ಬರುತ್ತದೆ. ಪಟ್ಟದ ಗೊಂಬೆಗಳನ್ನು ಒಂದೊಂದಾಗಿ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ಬೆಳ್ಳಿ ಸಾಮಾನಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲಿರುವ ಗಂಧಕದಿಂದ ಬೆಳ್ಳಿಗೆ ಕಪ್ಪು ಗೆರೆ ಬೀಳುತ್ತದೆ. ಚೀಟಿಯನ್ನು ಮುಚ್ಚಳಕ್ಕೆ ಅಂಟಿಸದೆ ಎದುರು ಕಾಣುವ ಬದಿಗೆ ಅಂಟಿಸಿ. ತುಂಬಿದ ಡಬ್ಬವನ್ನು ಸ್ಟೂಲಿನ ಮೇಲೆ ನಿಂತು ಒಬ್ಬರೇ ಇಳಿಸಲು ಆಗದಿದ್ದರೆ ಅದನ್ನು ಎರಡು ಡಬ್ಬಕ್ಕೆ ಹಂಚಿ.