ಸೈಲೆನ್ಸರ್, ಫಿಲ್ಟರ್ ಬದಲಿಸಿದ ಡರ್ಟ್ ಬೈಕಿಗೆ ಜೆಟ್ ಹೊಂದಿಸುವುದು ಹೇಗೆ?

ಡರ್ಟ್ ಬೈಕಿಗೋ ಎಟಿವಿಗೋ (ಕಚ್ಚಾ ಹಾದಿಯ ನಾಲ್ಕು ಚಕ್ರದ ಗಾಡಿ) ಓಪನ್ ಸೈಲೆನ್ಸರ್ ಹಾಕಿ, ಏರ್‌ಬಾಕ್ಸ್ (ಏರ್ ಫಿಲ್ಟರಿನ ಪೆಟ್ಟಿಗೆ) ಮುಚ್ಚಳ ತೆಗೆದರೆ ಎಂಜಿನ್ ಮೊದಲಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಅಷ್ಟು ಗಾಳಿಗೆ ಬೇಕಾದ ಪೆಟ್ರೋಲ್ ಹಳೆಯ ಜೆಟ್‌ನಲ್ಲಿ, ಅಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡಿನಲ್ಲಿ, ಹಾಯುವುದಿಲ್ಲ. ಮಿಶ್ರಣ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ) ಆಗಿ ಎಂಜಿನ್ ಕಾಯುತ್ತದೆ, ಪಿಕಪ್ ಹೋಗುತ್ತದೆ. ಹಾಗೇ ಫುಲ್ ಥ್ರಾಟಲ್‌ನಲ್ಲಿ ಓಡಿಸುತ್ತಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವುದೂ ಉಂಟು. ಜೆಟ್ ಬದಲಿಸಲೇಬೇಕು ನಿಜ. ಆದರೆ ಎಂಜಿನ್ನಿನಲ್ಲಿ ಮೊದಲೇ ಇರುವ ರೋಗ ಯಾವ ಜೆಟ್‌ನಿಂದಲೂ ವಾಸಿಯಾಗದು. ಇಲ್ಲಿರುವುದು 4 ಸ್ಟ್ರೋಕ್, ಸಿಂಗಲ್ ಸಿಲಿಂಡರ್, ಕಾರ್ಬುರೇಟರ್ ಎಂಜಿನ್ನಿನ ಲೆಕ್ಕ.

ಮೊದಲು ಟ್ಯಾಪೆಟ್

ಎಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ ಬಿಚ್ಚಿ, ಫ್ಲೈವೀಲ್‌ನ ಟಿ ಗುರುತು (ಪಿಸ್ಟನ್ ತೀರಾ ಮೇಲಿರುವ ಜಾಗ) ಕವರ್‌ನ ಗುರುತಿಗೆ ಕೂಡುವ ತನಕ ಕ್ರ್ಯಾಂಕ್ ತಿರುಗಿಸಿ. ಆಗ ವಾಲ್ವ್‌ಗಳೆರಡೂ ಸಡಿಲವಾಗಿರಬೇಕು. ಒತ್ತಿಕೊಂಡಿದ್ದರೆ ಅದು ಎಕ್ಸಾಸ್ಟ್ ಸ್ಟ್ರೋಕಿನ ತುದಿ, ಇನ್ನೊಂದು ಸುತ್ತು ತಿರುಗಿಸಿ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ವಾಲ್ವ್‌ಗೂ ಅದನ್ನು ಒತ್ತುವ ಟ್ಯಾಪೆಟ್‌ಗೂ ನಡುವಿನ ಅಂತರ ಅಳೆದು, ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿರುವ ಅಂಕಿಗೆ ಹೋಲಿಸಿ. ಟಕಟಕ ಎನ್ನುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಟ್ಯಾಪೆಟ್ ಹೆಚ್ಚು ಅಪಾಯಕಾರಿ. ವಾಲ್ವ್ ಸವೆದು ಸೀಟಿನೊಳಗೆ ಇಳಿದಂತೆಲ್ಲ ಅಂತರ ಕಮ್ಮಿಯಾಗುತ್ತದೆ. ಅಂತರ ಉಳಿಯದಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ. ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಎಷ್ಟೋ ಗಾಡಿಗಳ ಗುಟ್ಟು ಇದೇ.

ಆಮೇಲೆ ಕಂಪ್ರೆಷನ್. ಪ್ಲಗ್ ತೂತಿಗೆ ಗೇಜ್ ಹಾಕಿ ಕಿಕ್ ಹೊಡೆಯುವಾಗ ಥ್ರಾಟಲ್ ಪೂರ್ತಿ ತೆರೆದಿರಬೇಕು, ಇಲ್ಲದಿದ್ದರೆ ಅಂಕಿ ಸುಳ್ಳು. ಕಮ್ಮಿ ಬಂದರೆ ಪ್ಲಗ್ ತೂತಿನಿಂದ ಸುಮಾರು 5 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಆಟೊ ಡಿಕಂಪ್ರೆಷನ್ (ಸ್ಟಾರ್ಟ್ ಮಾಡುವಾಗ ಒತ್ತಡ ತಗ್ಗಿಸುವ ವ್ಯವಸ್ಥೆ) ಇರುವ ಎಂಜಿನ್ ಚೆನ್ನಾಗಿದ್ದರೂ ಗೇಜ್ ಕಮ್ಮಿಯೇ ತೋರಿಸುತ್ತದೆ, ಗಾಬರಿ ಬೇಡ.

ಇನ್ನು ಕಾರ್ಬುರೇಟರಿಗೂ ಹೆಡ್‌ಗೂ ನಡುವಿನ ರಬ್ಬರ್. ಐಡ್ಲಿಂಗ್‌ನಲ್ಲಿ ಬಿಟ್ಟು ಅದರ ಜಾಯಿಂಟ್‌ಗಳ ಮೇಲೆ ನೀರು ಸ್ಪ್ರೇ ಮಾಡಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಸೇರುತ್ತಿದೆ. ಕೆಲವರು ಇದಕ್ಕೆ ಕಾರ್ಬ್ ಕ್ಲೀನರ್ ಬಳಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಯ ಆಟ. ಎಂಜಿನ್ ಓಡಿಸುವ ಪರೀಕ್ಷೆಗಳೆಲ್ಲ ಬಯಲಲ್ಲೇ ಆಗಲಿ, ಮುಚ್ಚಿದ ಶೆಡ್‌ನಲ್ಲಿ ಹೊಗೆ ಜೀವ ತೆಗೆಯುತ್ತದೆ.

ಈಗ ಜೆಟ್

ಆರ್‌ಪಿಎಂ ನೋಡಿ ಜೆಟ್ ಆರಿಸುವುದು ತಪ್ಪು. ಜೆಟ್ ಕೆಲಸ ಮಾಡುವುದು ಥ್ರಾಟಲ್ ಎಷ್ಟು ತೆರೆದಿದೆ ಎನ್ನುವುದರ ಮೇಲೆ. ಮುಚ್ಚಿದ ಸ್ಥಿತಿಯಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಥ್ರಾಟಲ್ ಜೊತೆ ಏರಿಳಿಯುವ ಸೂಜಿ), ಅಲ್ಲಿಂದ ಮೇಲೆ ಮೇನ್ ಜೆಟ್. ಥ್ರಾಟಲ್ ಗ್ರಿಪ್ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದರೆ ತೊಂದರೆ ಯಾವ ಜೆಟ್‌ನದು ಎಂದು ತಕ್ಷಣ ತಿಳಿಯುತ್ತದೆ.

ಮೇನ್ ಜೆಟ್ ಮೊದಲು, ಯಾಕೆಂದರೆ ಎಂಜಿನ್ ಹಾಳಾಗುವುದು ಅಲ್ಲೇ. ಇರುವುದಕ್ಕಿಂತ ಎರಡು ಸೈಜ್ ದೊಡ್ಡದನ್ನು ಹಾಕಿ ಕೆಳಗಿಳಿಯುತ್ತಾ ಬನ್ನಿ. ಕೈಹಿನ್ ಮತ್ತು ಮಿಕುನಿ ಕಂಪನಿಗಳ ಜೆಟ್‌ಗಳ ನಂಬರ್ ಒಂದೇ ಲೆಕ್ಕವಲ್ಲ, ಬೆರೆಸಬೇಡಿ. ಎಂಜಿನ್ ಬಿಸಿಯಾದ ಮೇಲೆ ಏರಿನಲ್ಲಿ ಫುಲ್ ಥ್ರಾಟಲ್ ಕೊಟ್ಟು, ಥಟ್ಟನೆ ಸ್ವಲ್ಪವೇ ಹಿಂದೆ ಬಿಡಿ. ಬಿಟ್ಟಾಗ ಗಾಡಿ ಇನ್ನೂ ಜೋರಾಗಿ ಎಳೆದರೆ ಲೀನ್, ಜೆಟ್ ದೊಡ್ಡದು ಬೇಕು. ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಮಂಕಾಗಿ ಗೊಗ್ಗರು ದನಿಯಲ್ಲಿ ತೊದಲಿದರೆ ರಿಚ್ (ಪೆಟ್ರೋಲ್ ಹೆಚ್ಚು), ಒಂದು ಸೈಜ್ ಇಳಿಸಿ. ಪ್ಲಗ್ ಬಣ್ಣ ಎರಡನೇ ಸಾಕ್ಷಿ ಅಷ್ಟೆ: ಬೂದು ಅಥವಾ ತಿಳಿ ಕಂದು ಸರಿ, ಸುಣ್ಣದ ಬಿಳುಪು ಲೀನ್, ಮಸಿ ರಿಚ್. ಹೊಸ ಪ್ಲಗ್‌ಗೆ ಬಣ್ಣ ಬೇಗ ಹತ್ತುವುದಿಲ್ಲ, ಒಂದೇ ರೌಂಡ್ ಹೊಡೆದು ತೀರ್ಮಾನಕ್ಕೆ ಬರಬೇಡಿ.

ನೀಡಲ್‌ನ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇರಿ ಮಿಶ್ರಣ ರಿಚ್ ಆಗುತ್ತದೆ. ಇಲ್ಲಿ ಅನೇಕರು ಉಲ್ಟಾ ಮಾಡುತ್ತಾರೆ.

ಪೈಲಟ್‌ಗೆ ಬಂದಾಗ ಕಾರ್ಬುರೇಟರಿನಲ್ಲಿ ಮಿಶ್ರಣ ಹೊಂದಿಸುವ ಸ್ಕ್ರೂ ಎಲ್ಲಿದೆ ನೋಡಿ. ಎಂಜಿನ್ ಕಡೆಗಿದ್ದರೆ ಅದು ಫ್ಯೂಯಲ್ ಸ್ಕ್ರೂ, ಬಿಚ್ಚಿದಷ್ಟೂ ರಿಚ್. ಏರ್‌ಬಾಕ್ಸ್ ಕಡೆಗಿದ್ದರೆ ಏರ್ ಸ್ಕ್ರೂ, ಬಿಚ್ಚಿದಷ್ಟೂ ಲೀನ್. ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಾಲು ಸುತ್ತಿನಂತೆ ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹಿಡಿಯಿರಿ. ಫ್ಯೂಯಲ್ ಸ್ಕ್ರೂ ಆದರೆ, ಒಂದು ಸುತ್ತಿನೊಳಗೇ ಆ ಜಾಗ ಬಂದಾಗ ಪೈಲಟ್ ಜೆಟ್ ಒಂದು ಸೈಜ್ ಚಿಕ್ಕದು, ಮೂರು ಸುತ್ತು ದಾಟಿದಾಗ ಒಂದು ಸೈಜ್ ದೊಡ್ಡದು ಹಾಕಿ.

ಒಮ್ಮೆಗೆ ಒಂದನ್ನೇ ಬದಲಿಸಿ, ಬರೆದಿಡಿ. ಎತ್ತರದ ಜಾಗದಲ್ಲಿ ಗಾಳಿ ತೆಳುವಾದ್ದರಿಂದ ಇದೇ ಸೆಟ್ಟಿಂಗ್ ರಿಚ್ ಆಗುತ್ತದೆ, ಚಳಿಯಲ್ಲಿ ಲೀನ್ ಆಗುತ್ತದೆ.

ಆಮೇಲೂ ತಕರಾರು ಇದ್ದರೆ

ಹತ್ತು ನಿಮಿಷ ಚೆನ್ನಾಗಿ ಓಡಿ, ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕ್ ಮುಚ್ಚಳ ತೆರೆದು ನೋಡಿ. ಮುಚ್ಚಳದ ಗಾಳಿ ತೂತಿಗೆ ಕೆಸರು ಕಟ್ಟಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಐಡ್ಲಿಂಗ್‌ನಲ್ಲಿ ಆಫ್ ಆಗಿ ಚೋಕ್‌ನಲ್ಲಿ ಮಾತ್ರ ಓಡಿದರೆ ಪೈಲಟ್ ಜೆಟ್ ಕಟ್ಟಿದೆ. ಒಳಗೆ ಉಕ್ಕಿನ ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಕ್ಲೀನರ್ ಮತ್ತು ಗಾಳಿ ಒತ್ತಡ ಸಾಕು. ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿದರೆ ಫ್ಲೋಟ್ ವಾಲ್ವ್‌ನಲ್ಲಿ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ತುಂಬಿದಾಗ ಮುಚ್ಚುವ ವಾಲ್ವ್) ಕಸವಿದೆ ಅಥವಾ ಅದರ ತುದಿ ಸವೆದಿದೆ.

ಏರ್‌ಬಾಕ್ಸ್ ಮುಚ್ಚಳ ತೆಗೆದ ಗಾಡಿ ಹಳ್ಳ ದಾಟುವಾಗ ನೀರು ಕುಡಿಯುವುದು ಸುಲಭ. ಹಾಗೆ ನಿಂತರೆ ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಬೇಡಿ; ನೀರನ್ನು ಕುಗ್ಗಿಸಲು ಆಗದ್ದರಿಂದ ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ಬಿಚ್ಚಿ, ಎಂಜಿನ್ ನಿಧಾನ ತಿರುಗಿಸಿ ನೀರು ಹೊರಹಾಕಿ, ಕಾರ್ಬುರೇಟರಿನ ತಳದ ಫ್ಲೋಟ್ ಬೌಲ್ ಖಾಲಿ ಮಾಡಿ, ಫಿಲ್ಟರ್ ಒಣಗಿಸಿ ಫೋಮ್ ಆಯಿಲ್ ಹಚ್ಚಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಬದಲಿಸಿ, ಕೆಲವು ನಿಮಿಷ ಓಡಿಸಿ, ಆಯಿಲ್ ತಿಳಿಯಾಗುವ ತನಕ ಮತ್ತೆ ಬದಲಿಸಿ.