ಹೊಸ ಫೋನ್ ತಗೊಳ್ಳುವ ಮೊದಲು ಹಳೇ ಸಿಮ್ ಒಮ್ಮೆ ನೋಡಿ

ಫೋನ್ ಬದಲಿಸುವಾಗ ಎಲ್ಲರೂ ಕ್ಯಾಮೆರಾ ನೋಡುತ್ತಾರೆ, ಬ್ಯಾಟರಿ ಕೇಳುತ್ತಾರೆ, ಬೆಲೆ ಚೌಕಾಸಿ ಮಾಡುತ್ತಾರೆ. ಸಿಮ್ ನೆನಪಾಗುವುದು ಮನೆಗೆ ಬಂದು ಟ್ರೇ ಹೊರಗೆ ಎಳೆದ ಮೇಲೆ. ನನಗೂ ಹಾಗೇ ಆಯಿತು. ಆಯಿಯ ಕೀಪ್ಯಾಡ್ ಫೋನಿನ ಬ್ಯಾಟರಿ ಉಬ್ಬಿತು ಅಂತ ಶಿರಸಿ ಪೇಟೆಯಿಂದ ಸ್ಮಾರ್ಟ್‌ಫೋನ್ ತಂದೆ. ಸಿಮ್ ದೊಡ್ಡದು, ಟ್ರೇಯ ಜಾಗ ಸಣ್ಣದು. ಮರುದಿನ ಒಂದು ಅಂಗಡಿಯಲ್ಲಿ "ಕಟ್ ಮಾಡಿದ್ರಾಯ್ತು" ಅಂತ ಸ್ಟೇಪ್ಲರ್ ತರಹದ ಕಟ್ಟರಿನಲ್ಲಿ ಒತ್ತಿ ಕೊಟ್ಟರು. ಟ್ರೇಯೊಳಗೆ ಹೋಗಿದ್ದೇನೋ ಹೋಯಿತು, ಸಿಗ್ನಲ್ ಕಡ್ಡಿಯೂ ಬಂತು, ಆದರೆ ಮೇಲೆ 'ಇ' (ಅಂದರೆ 2ಜಿ ಇಂಟರ್ನೆಟ್) ಅಂತ ತೋರಿಸುತ್ತಾ ವಾಟ್ಸಾಪ್ ಸುಮ್ನೆ ತಿರುಗುತ್ತಾ ಕೂತಿತು. ತೊಂದರೆ ಇದ್ದಿದ್ದು ಸೈಜಿನಲ್ಲಿ ಅಲ್ಲವೇ ಅಲ್ಲ. ಅದು 2ಜಿ ಕಾಲದ ಸಿಮ್.

ಹಾಗಾಗಿ ಫೋನ್ ಕೊಳ್ಳುವ ಮೊದಲೇ ಮೂರು ವಿಷಯ ನೋಡಿಕೊಳ್ಳಿ: ಸಿಮ್ ಯಾರ ಹೆಸರಲ್ಲಿದೆ, ಎಷ್ಟು 'ಜಿ'ಯದು, ಸೈಜ್ ಯಾವುದು. ಇದೇ ಕ್ರಮದಲ್ಲಿ ನೋಡಿ. ಜನ ಉಲ್ಟಾ ನೋಡುತ್ತಾರೆ.

ಹೆಸರೇ ದೊಡ್ಡ ತಲೆನೋವು. ನಮ್ಮ ಕಡೆ ಹಿರಿಯರ ಸಿಮ್ ಅವರ ಹೆಸರಲ್ಲಿ ಇರುವುದೇ ಕಡಿಮೆ. ಆಯಿಯದು ನಮ್ಮ ಸೋದರಮಾವನ ಹೆಸರಲ್ಲಿತ್ತು, ಯಾವ ಕಾಲದಲ್ಲೋ ಅವನೇ ತಂದುಕೊಟ್ಟಿದ್ದ. ಸಿಮ್ ಬದಲಿಸಲು ಹೆಸರಿನವರೇ ಆಧಾರ್‌ನಂಥ ಗುರುತಿನ ಚೀಟಿ ಹಿಡಿದು ಬರಬೇಕು. ಅವನಿರುವುದು ಬೆಂಗಳೂರಿನಲ್ಲಿ. ಚೌತಿಗೆ ಊರಿಗೆ ಬರುವ ತನಕ ಹೊಸ ಫೋನ್ ಡಬ್ಬಿಯಲ್ಲೇ ಇತ್ತು. ಸಿಮ್ ತೀರಿಕೊಂಡವರ ಹೆಸರಲ್ಲಿದ್ದರೆ ಮೊದಲು ಮನೆಯವರ ಹೆಸರಿಗೆ ಮಾಡಿಸಿಕೊಳ್ಳಿ. ಏನೇನು ಕಾಗದ ಬೇಕು ಅಂತ ಸಿಮ್ ಕಂಪನಿಗೆ ಫೋನ್ ಮಾಡಿ ಕೇಳಿಕೊಂಡೇ ಹೋಗಿ, ಎರಡೆರಡು ಸಲ ಬಸ್ಸಿಗೆ ಓಡಾಡುವುದು ತಪ್ಪುತ್ತದೆ. ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅನ್ನುವುದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಸಿಗುತ್ತದೆ.

ಕಾರವಾರದವರಿಗೆ ಇನ್ನೊಂದು ಮಾತು. ಗೋವಾದಲ್ಲಿ ಕೆಲಸ ಮಾಡುವಾಗ ಅಲ್ಲೇ ತಗೊಂಡ ನಂಬರ್ ಮಹಾರಾಷ್ಟ್ರ-ಗೋವಾ ವಲಯದ್ದು, ಕರ್ನಾಟಕದ್ದಲ್ಲ. ಇಲ್ಲಿ ಬದಲಿಸಿ ಕೊಡುತ್ತಾರಾ ಅಂತ ಮೊದಲೇ ವಿಚಾರಿಸಿ. ಇಲ್ಲ ಅಂದರೆ ಮುಂದಿನ ಸಲ ಮಾಜಾಳಿ ದಾಟಿ ಆ ಕಡೆ ಹೋದಾಗಲೇ ಮುಗಿಸಿಕೊಂಡು ಬನ್ನಿ.

ಇನ್ನು 'ಜಿ' ವಿಷಯ. ಹಳೇ 2ಜಿ, 3ಜಿ ಸಿಮ್ ಎಂಥ ಒಳ್ಳೇ ಫೋನಿಗೆ ಹಾಕಿದರೂ ಸಾಮಾನ್ಯವಾಗಿ 4ಜಿ ಹಿಡಿಯುವುದಿಲ್ಲ. ಘಟ್ಟದ ಹಳ್ಳಿಗಳಲ್ಲಿ ಬಿಎಸ್ಸೆನ್ನೆಲ್ ನಂಬಿಕೊಂಡವರು ಬಹಳ, ಅವರೂ 4ಜಿ ಬೇಕಾದರೆ ಹಳೇ ಸಿಮ್ ಬದಲಿಸಲೇಬೇಕು. 4ಜಿ ಸಿಮ್ ಇದ್ದವರು 5ಜಿ ಫೋನಿಗೆ ಅಂತ ಹೆದರುವುದು ಬೇಡ. 2022ರಲ್ಲಿ ಜಿಯೊ, ಏರ್‌ಟೆಲ್ ಎರಡೂ ಇದ್ದ 4ಜಿ ಸಿಮ್‌ನಲ್ಲೇ 5ಜಿ ಕೊಟ್ಟವು. ಆದರೆ ಜಿಯೊ ಸಿಮ್ ತೆಗೆದು ಅಜ್ಜನ 2ಜಿ ಕೀಪ್ಯಾಡ್ ಫೋನಿಗೆ ಹಾಕಿದರೆ ನಡೆಯುವುದಿಲ್ಲ, ಜಿಯೊಗೆ 2ಜಿ ನೆಟ್‌ವರ್ಕೇ ಇಲ್ಲ.

ಸೈಜ್ ಸುಲಭ. ಈಗಿನ ಫೋನಿಗೆಲ್ಲ ನ್ಯಾನೋ, 12.3 × 8.8 ಮಿ.ಮೀ. ದಯವಿಟ್ಟು ನಡೆಯುತ್ತಿರುವ ಸಿಮ್ ಕತ್ತರಿಸಬೇಡಿ. ಹಳೇ ಸಿಮ್‌ನಲ್ಲಿ ಬಂಗಾರ ಬಣ್ಣದ ಭಾಗವೇ ಅಗಲ ಇರುತ್ತದೆ, ಕಟ್ಟರಿನ ಅಂಚು ಅದರ ಮೇಲೇ ಬೀಳಬಹುದು. ದಪ್ಪವೂ ಬೇರೆ: ಹಳೇದು 0.76 ಮಿ.ಮೀ., ನ್ಯಾನೋ 0.67. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ಆದರೆ ನಮ್ಮ ಟ್ರೇ ಅರ್ಧಕ್ಕೆ ಕಚ್ಚಿಕೊಂಡು ಚಿಮಟದಲ್ಲಿ ಎಳೆಯಬೇಕಾಯಿತು. ಹೊಸ ಸಿಮ್ ದೊಡ್ಡದು, ಮೈಕ್ರೋ, ನ್ಯಾನೋ ಮೂರೂ ಸೈಜಿಗೆ ಗೀರು ಹಾಕಿಯೇ ಬರುತ್ತದೆ, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸಾಕು.

ಈಗ ಬದಲಿಸುವ ದಿನ. ಹೊಸ ಸಿಮ್ ಶುರುವಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಿಮ್ಮ ನಂಬರನ್ನು ಬೇರೆ ಯಾರೋ ಮೋಸದಿಂದ ಬದಲಿಸಿಕೊಂಡರೆ ಬ್ಯಾಂಕ್ ದುಡ್ಡು ಹೊಡೆಯಬಾರದು ಅಂತ ಮಾಡಿದ ನಿಯಮ ಇದು. ಅಂದರೆ ಒಂದು ದಿನ ಓಟಿಪಿ ಇಲ್ಲ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಲು ಎಸ್ಸೆಮ್ಮೆಸ್ ಹೋಗಲೇಬೇಕು, ಅದೂ ಆಗುವುದಿಲ್ಲ. ಅಡಿಕೆ ದುಡ್ಡು ಜಮಾ ಆಗುವುದಿದ್ದರೆ, ಮಾರನೇ ದಿನ ಬ್ಯಾಂಕ್ ಕೆಲಸ ಇದ್ದರೆ ಆ ವಾರ ಬಿಟ್ಟುಬಿಡಿ. ಕೈಯಲ್ಲಿ ತುಸು ನಗದು ಇಟ್ಟುಕೊಳ್ಳಿ. ಸಿಮ್ ಶುರುವಾಗುವ ತನಕ ಪೇಟೆಯಲ್ಲೇ ಇರಿ, ಅಲ್ಲೇ ಒಂದು ಕಾಲ್ ಮಾಡಿ ನೋಡಿ. ಮಳೆಗಾಲದಲ್ಲಂತೂ ಮನೆಗೆ ಹೋದ ಮೇಲೆ ಕರೆಂಟ್ ಇಲ್ಲ, ಟವರ್ ಇಲ್ಲ, ಸಿಮ್ ತಪ್ಪೋ ಟವರ್ ತಪ್ಪೋ ಗೊತ್ತಾಗುವುದೇ ಇಲ್ಲ ಅಲ್ವಾ. ಬೇರೆ ಕಂಪನಿಗೆ ಪೋರ್ಟ್ ಆಗುವ ಯೋಚನೆ ಇದ್ದರೆ ಸಿಮ್ ಬದಲಿಸುವ ಮೊದಲೇ ನಿರ್ಧರಿಸಿ: 2024ರ ಜುಲೈ 1ರಿಂದ, ಸಿಮ್ ಬದಲಿಸಿ 7 ದಿನ ಆಗುವ ತನಕ ಪೋರ್ಟಿಂಗ್ ಕೋಡ್ ಕೊಡುವುದಿಲ್ಲ.

ಫೋನಿನಲ್ಲಿ ಯಾರಾದರೂ "ನಿಮ್ಮ ಸಿಮ್ 4ಜಿ ಮಾಡಿಕೊಡ್ತೇವೆ, ಇ-ಸಿಮ್ ಮಾಡ್ತೇವೆ, ಓಟಿಪಿ ಹೇಳಿ" ಅಂದರೆ ಕೂಡಲೇ ಇಟ್ಟುಬಿಡಿ. ಮನೆಯ ಹಿರಿಯರಿಗೆ ಇದನ್ನು ಮತ್ತೆ ಮತ್ತೆ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ಹೆಸರುಗಳು. ಕೀಪ್ಯಾಡ್ ಫೋನಿನಲ್ಲಿ ನಂಬರ್‌ಗಳು ಹೆಚ್ಚಾಗಿ ಸಿಮ್‌ನಲ್ಲೇ ಇರುತ್ತವೆ, ಹೊಸ ಸಿಮ್ ಖಾಲಿ ಬರುತ್ತದೆ. ಹಾಗಾಗಿ ಹಳೇ ಸಿಮ್ ಎಸೆಯಬೇಡಿ. ಕಂಪನಿಯಲ್ಲಿ ಅದು ಬಂದ್ ಆಗಿದ್ದರೂ ಒಳಗಿನ ಹೆಸರುಗಳು ಹಾಗೇ ಇರುತ್ತವೆ, ಬೇಕಾದರೆ ಆಗ ಕತ್ತರಿಸಬಹುದು, ಕಟ್ಟರ್ ಬಂಗಾರ ಬಣ್ಣದ ಭಾಗದ ಮೇಲೆ ಬೀಳದಂತೆ ನೋಡಿಕೊಳ್ಳಿ ಅಷ್ಟೇ. ನಾನು ಆ ಕತ್ತರಿಸಿದ ಸಿಮ್‌ನ ಹಿಂಬದಿಯನ್ನು ಪಾಲಿಶ್ ಪೇಪರಿನಲ್ಲಿ ತುಸು ಉಜ್ಜಿ, ಎರಡನೇ ಜಾಗಕ್ಕೆ ಹಾಕಿ, ಕಾಂಟ್ಯಾಕ್ಟ್ಸ್‌ನಲ್ಲಿ ಇಂಪೋರ್ಟ್ ಒತ್ತಿದೆ. ಆಯಿ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದಿ, ಎಲ್ಲ ಬಂತು ಅಂದ ಮೇಲೆ ಅದನ್ನು ಹೊರಗೆ ತೆಗೆದೆ.